ಶಾಂಘೈನ ಗಗನಚುಂಬಿ ಕಟ್ಟಡಗಳು

ಚೀನಾದ ಶಾಂಘೈ ನಗರ ಯಾಂಗ್‌ಟ್ಸಿ ನದಿ ತಂದು ಹಾಕಿದ ಮೆಕ್ಕಲು ಮಣ್ಣಿನ ಮೇಲೆ ಬೆಳೆದದ್ದು. ಅಡಿಪಾಯ ಊರಲು ಹತ್ತಿರದ ಆಳದಲ್ಲಿ ಬಂಡೆ ಸಿಗುವುದಿಲ್ಲ. ಹೀಗಾಗಿ ಅಲ್ಲಿನ ಎತ್ತರದ ಕಟ್ಟಡಗಳ ಚರಿತ್ರೆಯಲ್ಲಿ ಅರ್ಧ ಭಾಗ ನೆಲದ ಕೆಳಗೇ ನಡೆದಿದೆ.

ಹಂಗೆರಿ ಮೂಲದ ವಾಸ್ತುಶಿಲ್ಪಿ ಲಾಸ್ಲೋ ಹುಡೆಕ್ 1934ರಲ್ಲಿ ಕಟ್ಟಿ ಮುಗಿಸಿದ 22 ಅಂತಸ್ತಿನ ಪಾರ್ಕ್ ಹೋಟೆಲ್ ಆ ಮೆದು ನೆಲದಲ್ಲಿ ಮರದ ಕಂಬಗಳನ್ನು ಇಳಿಸಿ ನಿಲ್ಲಿಸಿದ ಕಟ್ಟಡ. ಸುಮಾರು 84 ಮೀಟರ್ ಎತ್ತರದ ಅದು ಆಗ ಏಷ್ಯಾದಲ್ಲೇ ಅತಿ ಎತ್ತರದ್ದು. 1980ರ ದಶಕದ ಆರಂಭದವರೆಗೂ ನಗರದಲ್ಲಿ ಅದನ್ನು ಮೀರಿಸುವ ಕಟ್ಟಡ ಬರಲಿಲ್ಲ. ಯುದ್ಧ, ಕ್ರಾಂತಿ, ಬದಲಾದ ಆರ್ಥಿಕ ನೀತಿ ಇದಕ್ಕೆ ಕಾರಣವೇ ಹೊರತು ಮಣ್ಣಲ್ಲ. ಆದರೆ ಮಣ್ಣು ಸುಮ್ಮನಿರಲಿಲ್ಲ. ಗಿರಣಿಗಳಿಗಾಗಿ ಅಂತರ್ಜಲವನ್ನು ಎತ್ತಿ ಎತ್ತಿ, 1921ರಿಂದ 1965ರೊಳಗೆ ನಗರದ ಕೆಲವೆಡೆ ನೆಲ ಎರಡೂವರೆ ಮೀಟರ್‌ಗೂ ಹೆಚ್ಚು ಕುಸಿಯಿತು. ಆಮೇಲೆ ನೀರೆತ್ತುವುದಕ್ಕೆ ಕಡಿವಾಣ ಹಾಕಿ, ಭೂಮಿಗೆ ಮರಳಿ ನೀರು ತುಂಬಿಸಬೇಕಾಯಿತು.

1990ರಲ್ಲಿ ಸರ್ಕಾರ ಹುವಾಂಗ್‌ಪು ನದಿಯ ಪೂರ್ವದಂಡೆಯ ಪುಡೋಂಗ್ ಪ್ರದೇಶದ ಅಭಿವೃದ್ಧಿಯನ್ನು ಘೋಷಿಸಿತು. ಗೋದಾಮು, ಹಡಗುಕಟ್ಟೆ, ಹೊಲ, ಕಾರ್ಮಿಕರ ಮನೆಗಳಿದ್ದ ಜಾಗವದು. 1992ರಲ್ಲಿ ಅಲ್ಲಿನ ಲುಜಿಯಾಜುಯಿ ಭಾಗಕ್ಕೆ ರಿಚರ್ಡ್ ರೋಜರ್ಸ್, ಟೊಯೊ ಇಟೊ ಮೊದಲಾದವರಿಂದ ಯೋಜನೆಗಳನ್ನು ತರಿಸಲಾಯಿತು. ರೋಜರ್ಸ್ ಸಾರ್ವಜನಿಕ ಸಾರಿಗೆಯನ್ನೇ ನೆಚ್ಚಿದ ವೃತ್ತಾಕಾರದ ಬಡಾವಣೆ ಕೊಟ್ಟಿದ್ದರು. ಕೊನೆಗೆ ಜಾರಿಯಾದದ್ದು ಅಗಲ ರಸ್ತೆಗಳ ನಡುವೆ ಒಂದೊಂದು ಗೋಪುರ ಬೇರೆಬೇರೆಯಾಗಿ ನಿಲ್ಲುವ ವಿನ್ಯಾಸ. ನಡೆದು ಓಡಾಡುವವರ ಪಾಲಿಗೆ ಅದು ದೊಡ್ಡ ನಷ್ಟ. ಮುಂದೆ ಕಟ್ಟಿದ ಎತ್ತರದ ಕಾಲುದಾರಿಯೂ ಅದನ್ನು ಪೂರ್ತಿ ತುಂಬಿಕೊಡಲಿಲ್ಲ.

1999ರ ಜಿನ್ ಮಾವೊ ಗೋಪುರ (421 ಮೀಟರ್) ಪಗೋಡದ ಮಜಲುಗಳನ್ನು ಉಕ್ಕು-ಗಾಜಿನಲ್ಲಿ ಮತ್ತೆ ಹುಟ್ಟಿಸಿತು. ಲುಜಿಯಾಜುಯಿಯಲ್ಲಿ ಅದರ ನಂತರ ಎದ್ದ ಇನ್ನೆರಡು ಗೋಪುರಗಳಿಗಿಂತ ಅದೇ ಹೆಚ್ಚು ಸುಂದರ. 492 ಮೀಟರ್ ಎತ್ತರದ ವರ್ಲ್ಡ್ ಫೈನಾನ್ಷಿಯಲ್ ಸೆಂಟರ್ ಏಷ್ಯಾದ ಹಣಕಾಸು ಬಿಕ್ಕಟ್ಟಿನಿಂದ ತಡವಾಗಿ 2008ರಲ್ಲಿ ಮುಗಿಯಿತು. ಅದರ ತುದಿಯಲ್ಲಿ ಯೋಜಿಸಿದ್ದ ದುಂಡು ಕಿಂಡಿ ಜಪಾನಿನ ಧ್ವಜದ ಸೂರ್ಯನನ್ನು ನೆನಪಿಸುತ್ತದೆಂಬ ಆಕ್ಷೇಪ ಬಂದು ಚತುಷ್ಕೋನವಾಯಿತು. 2015ರಲ್ಲಿ ಪೂರ್ಣಗೊಂಡ 632 ಮೀಟರ್‌ನ ಶಾಂಘೈ ಟವರ್ ಬುಡದಿಂದ ತುದಿಗೆ ಸುಮಾರು 120 ಡಿಗ್ರಿ ತಿರುಚಿಕೊಂಡಿದೆ. ಇದು ಅಲಂಕಾರಕ್ಕಷ್ಟೇ ಅಲ್ಲ: ಚಂಡಮಾರುತದ ಗಾಳಿಯ ಒತ್ತಡ ಇದರಿಂದ ಶೇ. 24ರಷ್ಟು ತಗ್ಗುತ್ತದೆ, ಉಕ್ಕೂ ಉಳಿಯುತ್ತದೆ. ಅದರ 6 ಮೀಟರ್ ದಪ್ಪದ ತಳಹಾಸಿಗೆ ಸುಮಾರು 60,000 ಘನ ಮೀಟರ್ ಕಾಂಕ್ರೀಟನ್ನು 2010ರಲ್ಲಿ ಹಗಲಿರುಳು ಬಿಡದೆ ಸುರಿಯಲಾಯಿತು.

2021ರಲ್ಲಿ ಚೀನಾ 500 ಮೀಟರ್‌ಗಿಂತ ಎತ್ತರದ ಹೊಸ ಕಟ್ಟಡಗಳನ್ನು ನಿಷೇಧಿಸಿತು. ದೇಶದ ಅತಿ ಎತ್ತರದ ಕಟ್ಟಡವೆಂಬ ಪಟ್ಟ ಶಾಂಘೈ ಟವರ್‌ ಬಳಿಯೇ ಉಳಿದಿದೆ.