ಬೂದಿದಿಬ್ಬಗಳೂ ಭೂಗರ್ಭಶಾಸ್ತ್ರವೂ

ಹಂಪೆಗೆ ಸಮೀಪದ ನಿಂಬಾಪುರದಲ್ಲಿ ಬೂದಿಯ ದಿಬ್ಬವೊಂದುಂಟು. ವಾಲಿಯ ದೇಹವನ್ನು ದಹಿಸಿದ ಸ್ಥಳವದು ಎಂದು ಅಲ್ಲಿಯ ಜನ ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ. ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಇಂಥ ದಿಬ್ಬಗಳು ಹಲವು; ಕೆಲವೆಡೆ ಅವು ರಾಕ್ಷಸರ ಚಿತಾಭಸ್ಮವೆಂಬ ಐತಿಹ್ಯವಿದೆ. ಈ ಮಾತುಗಳನ್ನು ಕೇಳಿ ನಗುವವರು ಒಂದಂಶವನ್ನು ಗಮನಿಸಬೇಕು. ಇದು ಮನುಷ್ಯರು ಹಚ್ಚಿದ ಬೆಂಕಿಯ ಶೇಷವೆಂಬಷ್ಟನ್ನು ಜನಪದರು ಸರಿಯಾಗಿಯೇ ಗ್ರಹಿಸಿದ್ದರು. ಎಡವಿದವರು ವಿದ್ಯಾವಂತರೇ. ಅವರಲ್ಲಿ ಕೆಲವರು ಇದನ್ನು ಜ್ವಾಲಾಮುಖಿಯ ಉಗುಳೆಂದರು, ಕೆಲವರು ಲೋಹ ಕರಗಿಸಿದ ಕಿಟ್ಟವೆಂದರು.

ಸಗಣಿಯನ್ನು ಸುಟ್ಟು ವಿಭೂತಿ ಮಾಡುವ ನಾಡಿನಲ್ಲಿ ಈ ಬೂದಿಯ ಮೂಲ ತಿಳಿಯದೆ ಹೋದುದು ವಿಚಿತ್ರವೆನಿಸೀತು. ಆದರೆ ಹುಲ್ಲು ಮೇಯುವ ದನದ ಸಗಣಿಯಲ್ಲಿ ಸಿಲಿಕಾ ಇರುತ್ತದೆ. ರಾಶಿರಾಶಿಯಾಗಿ ಒಟ್ಟಿದ ಸಗಣಿ ಅತ್ಯುಷ್ಣದಲ್ಲಿ ಉರಿದಾಗ ಅದು ಕರಗಿ, ಗಾಜಿನಂತೆ ಹೊಳೆಯುವ, ರಂಧ್ರಮಯವಾದ ಗಟ್ಟಿಯಾಗುತ್ತದೆ. ಆ ಗಟ್ಟಿಯನ್ನು ನೋಡಿದವರಿಗೆ ಹಟ್ಟಿಯ ನೆನಪಾಗುವುದು ಹೇಗೆ?

ಕ್ಯಾಪ್ಟನ್ ನ್ಯೂಬೋಲ್ಡ್ 1843ರಲ್ಲಿ ಈ ದಿಬ್ಬಗಳನ್ನು ಕುರಿತು ಬರೆದನು. ಸಮಸ್ಯೆಯ ಗಂಟನ್ನು ಬಿಡಿಸಿದವರು ಮಾತ್ರ ರಾಬರ್ಟ್ ಬ್ರೂಸ್ ಫೂಟರು. 1858ರಲ್ಲಿ ಭಾರತೀಯ ಭೂಗರ್ಭ ಸರ್ವೇಕ್ಷಣ ಇಲಾಖೆಯನ್ನು ಸೇರಿದ ಅವರಿಗೆ 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವೊಂದು ದೊರೆತಿತ್ತು. ಬಂಡೆಗಳ ಸ್ತರಗಳನ್ನು ಗುರುತಿಸುವುದು ಅವರ ವೃತ್ತಿ. ನಮ್ಮ ಧಾರವಾಡದ ಹೆಸರು ಶಿಲಾವರ್ಗವೊಂದಕ್ಕೆ ಅಂಟಿದುದು ಅವರಿಂದಲೇ. ಬಳ್ಳಾರಿಯ ನೆಲದ ಗುಣವನ್ನು ಕಾಲ್ನಡಿಗೆಯಿಂದ ಬಲ್ಲ ಅವರು ಜ್ವಾಲಾಮುಖಿಯ ಮಾತನ್ನು ಒಪ್ಪಲಿಲ್ಲ. ದಿಬ್ಬಗಳ ಆಸುಪಾಸಿನಲ್ಲಿ ದೊರೆತ ನಯಗೊಳಿಸಿದ ಕಲ್ಲುಕೊಡಲಿಗಳನ್ನೂ ಬೂದಿಯನ್ನೂ ಒಟ್ಟಿಗೆ ನೋಡಿ, ಇವು ನವಶಿಲಾಯುಗದ ಗೋಪಾಲಕರ ಸಗಣಿಯ ರಾಶಿಗಳು ಎಂದು ನಿರ್ಣಯಿಸಿದರು.

ವಿದ್ವಲ್ಲೋಕ ಕೂಡಲೇ ತಲೆದೂಗಲಿಲ್ಲ. ರಾಬರ್ಟ್ ಸಿವೆಲ್ಲರಂಥ ಇತಿಹಾಸಕಾರರು 1899ರಲ್ಲಿಯೂ ಬೇರೆಯೇ ವಾದವನ್ನು ಹೂಡಿದರು. ಶಾಸನವನ್ನೂ ಗ್ರಂಥವನ್ನೂ ನೆಚ್ಚಿದ ಇತಿಹಾಸಕ್ಕೆ, ಬರಹವನ್ನೇ ಅರಿಯದ ದನಗಾಹಿಗಳಿಗೂ ಒಂದು ಚರಿತ್ರೆಯುಂಟೆಂಬುದು ಸುಲಭವಾಗಿ ಜೀರ್ಣವಾಗುವ ಮಾತಾಗಿರಲಿಲ್ಲ. 1960ರಲ್ಲಿ ಜಾಯ್ನರ್ ಅವರು ಪ್ರಯೋಗಶಾಲೆಯ ಪರೀಕ್ಷೆಯಿಂದ ಬೂದಿಯ ಮೂಲ ಸಗಣಿಯೇ ಎಂದು ತೋರಿಸಿದರು. ಅದಕ್ಕೆ ಮುನ್ನ 1957ರಲ್ಲಿ ಆಲ್ಚಿನ್ ಅವರು ಇಂದಿನ ತೆಲಂಗಾಣದ ಉತ್ನೂರಿನಲ್ಲಿ ಉತ್ಖನನ ನಡೆಸಿದಾಗ ದೊಡ್ಡಿಯ ಬೇಲಿಗೂಟಗಳ ಕುಳಿಗಳ ಜೊತೆಗೆ ದನಗಳ ಗೊರಸಿನ ಗುರುತುಗಳೇ ಕಂಡವು! ಸುಮಾರು ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಮಂದೆಯೊಂದು ತುಳಿದು ಹೋದ ಹೆಜ್ಜೆಗಳವು. ಮುಂದೆ ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪದ್ದಯ್ಯನವರು ನಡೆಸಿದ ಉತ್ಖನನವು ದಿಬ್ಬದ ಮಗ್ಗುಲಲ್ಲಿಯೇ ಜನವಸತಿಯನ್ನು ತೋರಿಸಿಕೊಟ್ಟಿತು.

ಆದರೆ ಅದೇ ಬೂದಿ ಹೊಲಕ್ಕೆ ಒಳ್ಳೆಯ ಗೊಬ್ಬರವೂ ಹೌದು. ರೈತರು ಅಗೆದು ಒಯ್ದುದರಿಂದ ಎಷ್ಟೋ ದಿಬ್ಬಗಳು ಕರಗಿವೆ. ಅವರನ್ನು ದೂರುವುದು ಉಚಿತವಲ್ಲ; ದಿಬ್ಬದ ಬೆಲೆಯನ್ನು ಬಲ್ಲವರು ಅದನ್ನು ಆ ಊರುಗಳಿಗೆ ಹೋಗಿ ಕನ್ನಡದಲ್ಲಿ ಹೇಳಿದ್ದು ಕಡಿಮೆ.