ಉಪ್ಪು ಬೇಡಿದ ಕೂಸು

ಬಾಲ್ಟಿಮೋರಿನ ಶಿಶುವೈದ್ಯ ಲಾಸನ್ ವಿಲ್ಕಿನ್ಸನೂ ಕರ್ಟ್ ರಿಕ್ಟರನೂ ಕೂಡಿ 1940ರಲ್ಲಿ ಪ್ರಕಟಿಸಿದ ವೃತ್ತಾಂತವೊಂದುಂಟು. ಮೂರೂವರೆ ವರ್ಷದ ಬಾಲಕನೊಬ್ಬನು ಬಿಸ್ಕತ್ತಿನ ಮೇಲಣ ಉಪ್ಪನ್ನು ಮಾತ್ರ ನೆಕ್ಕಿ ಮತ್ತೊಂದಕ್ಕೆ ಕೈಯೊಡ್ಡುತ್ತಿದ್ದನು; ಅವನು ಮೊದಮೊದಲು ಕಲಿತ ಕೆಲವೇ ಶಬ್ದಗಳಲ್ಲಿ ‘ಉಪ್ಪು’ ಎಂಬುದೂ ಒಂದು. ಮನೆಯಲ್ಲಿ ಕೇಳಿದಷ್ಟು ದೊರೆಯುತ್ತಿತ್ತು. ಎಳೆಯ ದೇಹದಲ್ಲಿ ಅಕಾಲ ಯೌವನದ ಚಿಹ್ನೆಗಳು ತೋರಿದ್ದರಿಂದ ಪರೀಕ್ಷೆಗೆಂದು ಆಸ್ಪತ್ರೆಗೆ ಸೇರಿಸಲ್ಪಟ್ಟ ಆ ಕೂಸು, ಅಲ್ಲಿಯ ಸಾಮಾನ್ಯ ಆಹಾರವನ್ನುಂಡು ಏಳೇ ದಿನಗಳಲ್ಲಿ ತೀರಿಕೊಂಡಿತು. ತಾಯಿಗಿಂತ ಬಂಧುವಿಲ್ಲ, ಉಪ್ಪಿಗಿಂತ ರುಚಿಯಿಲ್ಲವೆಂಬ ನಮ್ಮ ಗಾದೆಯನ್ನು ಇಷ್ಟು ನಿಷ್ಕರುಣವಾಗಿ ಸಮರ್ಥಿಸಿದ ಪ್ರಸಂಗವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಆ ಕೂಸನ್ನು ಬಲಿಗೊಂಡ ವ್ಯಾಧಿಯ ಮೊದಲ ಸವಿಸ್ತರ ವರ್ಣನೆ ಇಟಲಿಯದು. ಹೆಣ್ಣೆಂದು ಹೆಸರು ಪಡೆದು, ನಾಲ್ಕನೆಯ ವಯಸ್ಸಿನಲ್ಲಿ ಗಂಡೆಂದು ನಿರ್ಣಯಿಸಲ್ಪಟ್ಟು, ಗಂಡಾಗಿಯೇ ಬಾಳಿ, ವಾಂತಿಭೇದಿಗಳಿಂದ ನಿತ್ರಾಣನಾಗಿ ಮಡಿದ ಜುಸೆಪ್ಪೆ ಮಾರ್ಟ್ಸೊ ಎಂಬವನ ಶವವನ್ನು ನೇಪಲ್ಸಿನ ಲುಯಿಜಿ ದೆ ಕ್ರೆಕ್ಕಿಯೊ ಪರೀಕ್ಷಿಸಿ 1865ರಲ್ಲಿ ವರದಿ ಬರೆದನು: ಒಳಗೆ ಗರ್ಭಾಶಯ, ಅಂಡಾಶಯಗಳಿದ್ದವು; ಮೂತ್ರಪಿಂಡಗಳ ನೆತ್ತಿಯ ಮೇಲಣ ಪುಟ್ಟ ಅಡ್ರಿನಲ್ ಗ್ರಂಥಿಗಳಾದರೋ ವಿಪರೀತವಾಗಿ ಊದಿಕೊಂಡಿದ್ದವು. ಊದಿದುದೇಕೆಂದು ತಿಳಿಯಲು ಇನ್ನೂ ಎಂಬತ್ತು ವರ್ಷಗಳಿಗೆ ಮಿಕ್ಕ ಕಾಲ ಬೇಕಾಯಿತು.

ಕೊಲೆಸ್ಟರಾಲಿನಿಂದ ಹೊರಟು, ಒಂದೊಂದು ಕಿಣ್ವದ ಕೈಯಲ್ಲಿ ಒಂದೊಂದು ರೂಪ ತಳೆಯುತ್ತ, ಕೊನೆಗೆ ಕಾರ್ಟಿಸಾಲ್ ಮತ್ತು ಉಪ್ಪನ್ನು ದೇಹದಲ್ಲಿ ಹಿಡಿದಿಡುವ ಆಲ್ಡೊಸ್ಟಿರೋನ್ ಆಗಬೇಕಾದ ದ್ರವ್ಯವು, 21-ಹೈಡ್ರಾಕ್ಸಿಲೇಸ್ ಎಂಬ ಕಿಣ್ವದ ಕೊರತೆಯಿದ್ದರೆ ನಡುದಾರಿಯಲ್ಲೇ ಶೇಖರಗೊಳ್ಳುತ್ತದೆ. ಕಾರ್ಟಿಸಾಲ್ ಸಾಲದೆಂದು ಪಿಟ್ಯುಟರಿ ಗ್ರಂಥಿಯು ಅಡ್ರಿನಲನ್ನು ಮತ್ತಷ್ಟು ಪ್ರಚೋದಿಸಲು ಗ್ರಂಥಿ ಊದುತ್ತದೆ. ತೂಬು ಕಟ್ಟಿದ ಕೆರೆಯ ನೀರು ಕೋಡಿ ಬಿದ್ದು ಬೇಡದ ಕಡೆ ಹರಿಯುವಂತೆ, ಸಂಚಯವಾದ ಪೂರ್ವದ್ರವ್ಯವು ಪುರುಷ ಹಾರ್ಮೋನುಗಳಾಗಿ ಪರಿಣಮಿಸುತ್ತದೆ. ಇತ್ತ ಉಪ್ಪು ಮೂತ್ರದಲ್ಲಿ ಸೋರಿಹೋಗುತ್ತದೆ. ಬಾಲ್ಟಿಮೋರಿನ ಕೂಸಿನ ನಾಲಗೆ ಬೇಡಿದ್ದು ರುಚಿಯನ್ನಲ್ಲ, ಪ್ರಾಣವನ್ನು.

ಅದೇ ವಿಲ್ಕಿನ್ಸನು, ಆಗ ತಾನೇ ಕೈಗೆ ಬಂದಿದ್ದ ಕಾರ್ಟಿಸೋನನ್ನು 1950ರಲ್ಲಿ ಇಂಥ ರೋಗಿಗೆ ಕೊಟ್ಟು, ಪಿಟ್ಯುಟರಿಯ ಒತ್ತಾಯ ಶಮನವಾಗಿ ಪುರುಷ ಹಾರ್ಮೋನಿನ ಉಬ್ಬರ ಇಳಿದುದನ್ನು ಕಂಡನು. ಬಾಸ್ಟನ್ನಿನಲ್ಲಿ ಫ್ರೆಡರಿಕ್ ಬಾರ್ಟರನ ಬಳಗವೂ ಸ್ವತಂತ್ರವಾಗಿ ಅದೇ ತೀರಕ್ಕೆ ಬಂದಿತ್ತು. ಗ್ರಂಥಿಗೆ ಅದರ ಗಮ್ಯವಸ್ತುವನ್ನೇ ಹೊರಗಿನಿಂದ ಒದಗಿಸಿ ಅದನ್ನು ಸುಮ್ಮನಾಗಿಸುವ ಈ ಯುಕ್ತಿ, ಹೇಳಿದ ಮೇಲೆ ಸರಳವೆನಿಸುತ್ತದೆ. 1977ರ ಹೊತ್ತಿಗೆ, ನವಜಾತ ಶಿಶುವಿನ ಹಿಮ್ಮಡಿಯಿಂದ ಕಾಗದದ ಮೇಲೆ ತೆಗೆದ ರಕ್ತಬಿಂದುವಿನಲ್ಲಿಯೇ ಆ ಪೂರ್ವದ್ರವ್ಯವನ್ನು ಅಳೆಯುವ ವಿಧಾನವೂ ಸಿದ್ಧವಾಯಿತು. ಹಾಗೆ ಗುರುತಿಸಲ್ಪಟ್ಟ, ಉಪ್ಪು ನಿಲ್ಲದ ಶಿಶುಗಳಿಗೆ ಗುಳಿಗೆಗಳ ಜೊತೆಗೆ ವೈದ್ಯರು ಇಂದಿಗೂ ಬರೆದುಕೊಡುವುದು, ತಾಯಂದಿರು ಹಾಲಿನೊಡನೆ ಬೆರೆಸಿ ಕುಡಿಸಬೇಕಾದ, ಅಳೆದು ತೂಗಿದ ಒಂದಿಷ್ಟು ಉಪ್ಪು.