ಆರ್ಕಿಡ್: ಅತಿಯಾದ ಆರೈಕೆಯೇ ಅಪಾಯ

ಆರ್ಕಿಡ್ ಎಂದರೆ ಸದಾ ಕಣ್ಣಿಟ್ಟು ಕಾಯಬೇಕಾದ ದುಬಾರಿ ಗಿಡ ಎಂಬ ನಂಬಿಕೆ ನಗರಗಳಲ್ಲಿದೆ. ಆದರೆ ಮಲೆನಾಡಿನ ಮರಗಳ ಮೇಲೆ ಯಾರ ಆರೈಕೆಯೂ ಇಲ್ಲದೆ ಬೆಳೆದು, ಮುಂಗಾರಿನ ಆರಂಭದಲ್ಲಿ ನಸುಗುಲಾಬಿ ಹೂಗೊಂಚಲು ಇಳಿಬಿಡುವ ಸೀತಾಳೆ ದಂಡೆಯೂ ಆರ್ಕಿಡ್ ಕುಟುಂಬಕ್ಕೆ ಸೇರಿದ್ದು. ರಿಂಕೋಸ್ಟೈಲಿಸ್ ರೆಟ್ಯೂಸಾ ಎಂಬುದು ಇದರ ವೈಜ್ಞಾನಿಕ ಹೆಸರು. ಅಸ್ಸಾಂನ ರಾಜ್ಯಪುಷ್ಪವೂ ಇದೇ.

ಮರದ ಮೇಲೆ ಬೆಳೆದರೂ ಸೀತಾಳೆ ಬಂದಳಿಕೆಯಲ್ಲ. ಬಂದಳಿಕೆ ಮರದ ರಸ ಹೀರುತ್ತದೆ. ಸೀತಾಳೆಗೆ ಮರ ಬರಿಯ ಆಸರೆ. ಮಳೆನೀರು, ಇಬ್ಬನಿ ಹಾಗೂ ತೊಗಟೆಯಲ್ಲಿ ಸೇರುವ ಕಸಕಡ್ಡಿಯ ಸಾರವೇ ಅದಕ್ಕೆ ಆಹಾರ. ಬೇರನ್ನು ಸುತ್ತುವರಿದ ವೆಲಾಮೆನ್ ಎಂಬ ಸ್ಪಂಜಿನಂತಹ ಪದರ ನೀರನ್ನು ಬೇಗನೆ ಹೀರಿಕೊಳ್ಳುತ್ತದೆ. ಈ ಬೇರಿಗೆ ನೀರಿನಷ್ಟೇ ಗಾಳಿಯೂ ಅಗತ್ಯ. ಕುಂಡಕ್ಕೆ ಮಣ್ಣು ತುಂಬಿ ದಿನವೂ ನೀರೆರೆದರೆ ಬೇರು ಕೊಳೆಯುತ್ತದೆ.

ಆರಂಭದಲ್ಲಿ ಜಾಗದ ಆಯ್ಕೆ ಸರಿಯಾದರೆ ಉಳಿದ ಕೆಲಸ ಅಲ್ಪ. ಶಿವಮೊಗ್ಗ ತಾಲ್ಲೂಕಿನ ಹೊಳಲೂರು ಭಾಗ ಆಗುಂಬೆಯಷ್ಟು ಮಳೆ ಕಾಣುವ ಪ್ರದೇಶವಲ್ಲ. ಬೇಸಿಗೆಯ ಬಿಸಿಲೂ ಚುರುಕು. ಇಂತಹ ಕಡೆ ಮಧ್ಯಾಹ್ನದ ನೇರ ಬಿಸಿಲು ತಾಗದ, ಬೆಳಗಿನ ಬೆಳಕು ಬೀಳುವ ಮಾವಿನ ಮರ ಸೂಕ್ತ. ಮಳೆಗಾಲ ಆರಂಭವಾಗುವಾಗ ಗಿಡವನ್ನು ತೆಂಗಿನ ನಾರಿನ ಹುರಿಯಿಂದ ಕಾಂಡಕ್ಕೆ ಕಟ್ಟಿದರೆ, ಹೊಸ ಬೇರು ಮೂಡಿ ತೊಗಟೆಯನ್ನು ಹಿಡಿದುಕೊಳ್ಳುತ್ತದೆ. ಮರವಿಲ್ಲದ ಮನೆಗಳಲ್ಲಿ ರಂಧ್ರಗಳಿರುವ ಕುಂಡಕ್ಕೆ ಇದ್ದಿಲು, ಹೆಂಚಿನ ಚೂರು, ತೆಂಗಿನ ಸಿಪ್ಪೆಯ ತುಂಡು ತುಂಬಿದರೆ ಸಾಕು.

ನೀರು ಬೇಕೇ ಎಂಬುದನ್ನು ಬೇರೇ ತಿಳಿಸುತ್ತದೆ. ಹಸಿರಾಗಿದ್ದರೆ ತೇವವಿದೆ; ಬೂದು ಬಿಳುಪಾಗಿದ್ದರೆ ಬೆಳಗಿನ ಹೊತ್ತು ನೀರು ಕೊಡಬೇಕು. ಎಲೆ ಕಡುಹಸಿರಾಗಿ ಹೂ ಬಾರದಿದ್ದರೆ ಬೆಳಕು ಸಾಲದೆಂದು ಅರ್ಥ. ಪದೇ ಪದೇ ಸ್ಥಳ ಬದಲಿಸುವುದು, ಕುಂಡ ಕೆದಕುವುದು, ಗೊಬ್ಬರ ಹೆಚ್ಚಿಸುವುದು ಸಲ್ಲದು. ಮೊದಲ ವರ್ಷ ಹೂ ಬಿಡದಿದ್ದರೂ ಆತಂಕ ಬೇಡ.

ಕೈ ಹಾಕದಿರುವ ಈ ನಿಯಮ ಕಾಡಿಗೂ ಅನ್ವಯಿಸುತ್ತದೆ. ಹೂವಿನ ಸೊಬಗಿಗೆ ಮನಸೋತು ಮರದಿಂದ ಕಿತ್ತು ತಂದ ಗಿಡ, ಬೇರು ಹರಿದು ಮನೆಯಲ್ಲಿ ಸಾಯುವುದೇ ಹೆಚ್ಚು. ಆರ್ಕಿಡ್‌ನ ಧೂಳಿನಂತಹ ಬೀಜ ನಿಸರ್ಗದಲ್ಲಿ ಮೊಳೆಯಲು ನಿರ್ದಿಷ್ಟ ಶಿಲೀಂಧ್ರದ ನೆರವು ಬೇಕು. ಸಸಿ ಹೂ ಬಿಡಲು ವರ್ಷಗಳೇ ಹಿಡಿಯುತ್ತವೆ. ಹೀಗಾಗಿ ಒಮ್ಮೆ ಬರಿದಾದ ಕೊಂಬೆ ಮತ್ತೆ ಬೇಗ ತುಂಬದು. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ತರುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರ ಅನ್ವಯ ಅಪರಾಧವೂ ಹೌದು. ನರ್ಸರಿಗಳಲ್ಲಿ ಸಿಗುವ, ಅಂಗಾಂಶ ಕೃಷಿಯಿಂದ ಬೆಳೆಸಿದ ಡೆಂಡ್ರೋಬಿಯಂ, ಫೆಲನಾಪ್ಸಿಸ್ ಸಸಿಗಳೇ ಹೊಸಬರಿಗೆ ಸರಿಯಾದ ಆಯ್ಕೆ.